ಜಲಪಾತಕ್ಕೆ ಒಂದು ಗಂಟೆ ನಲವತ್ತು ನಿಮಿಷ

ಲೋಗ್, ಸೋಚಾ ಕಣಿವೆ
ಜೂನ್ ೯, ಸೋಮವಾರ

ಪ್ರೀತಿಯ ತಂಗಿ ಜಾಲ್ಕಾ,

ಹೇಗಿದ್ದೀಯಮ್ಮ? ತ್ರಿಯೆಸ್ತೆಯಲ್ಲಿ ಸೆಕೆ ಶುರುವಾಗಿರಬೇಕು. ಎಡಗಾಲಿನ ಆಸರೆಯ ಕಬ್ಬಿಣದ ಪಟ್ಟಿ ತೊಡೆಗೆ ಒತ್ತುತ್ತಿದೆಯಂತೆ. ಅಮ್ಮ ಇಡುತ್ತಿದ್ದಂತೆ ಒಳಗೊಂದು ಹತ್ತಿಬಟ್ಟೆಯ ಮಡಿಕೆ ಇಟ್ಟುಕೋ. ಹತ್ತೊಂಬತ್ತು ವರ್ಷ ಒಂದು ಸಾಲೂ ಬರೆಯದವನು ಬಂದದ್ದೇ ಉಪದೇಶಕ್ಕೆ ಕೂತ ಎಂದು ನಗಬೇಡ. ನಕ್ಕರೂ ಪರವಾಗಿಲ್ಲ. ನಾನು ಚೆನ್ನಾಗಿದ್ದೇನೆ. ಫೆಬ್ರವರಿಯಲ್ಲಿ ಸೊಂಟದ ಕೀಲು ಬದಲಿಸಿದರು. ನನ್ನ ಮೈಯಲ್ಲಿ ಸವೆಯದೆ ಉಳಿದಿರುವುದು ಆ ಹೊಸ ಕೀಲು ಮತ್ತು ಹಳೆಯ ನಾಲಿಗೆ ಎರಡೇ ಎಂದು ನಿನ್ನ ಅತ್ತಿಗೆ ದಾನಿತ್ಸಾಳ ಅಭಿಪ್ರಾಯ.

ನಿನ್ನ ಮಗಳು ಇರ್ಮಾ ನನಗೆ ಕಾಗದ ಬರೆದಿದ್ದಳು. ನಿನಗೆ ಹೇಳದೆ ಬರೆದಳಂತೆ, ಅವಳನ್ನು ಬಯ್ಯಬೇಡ. ಚಳಿಗಾಲದ ಹೊತ್ತಿಗೆ ನೀನು ಗಾಲಿಕುರ್ಚಿ ಹಿಡಿಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಓದಿ, ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, ಅತಿಥಿಗಳಿಗೆ ಕಾಫಿ ಹಾಕಲು ಹೋದೆ. ಮೂರು ಲೋಟಕ್ಕೆ ಉಪ್ಪು ಹಾಕಿದ್ದೆನಂತೆ. ಅಂದರೆ ನಮಗೆ ಉಳಿದಿರುವುದು ಈ ಒಂದು ಬೇಸಿಗೆ. ಅದಕ್ಕೇ ಒಂದು ಯೋಜನೆ ಮಾಡಿದ್ದೇನೆ, ಕೇಳು.

ನನ್ನ ಹನ್ನೊಂದು ಕೋಣೆಗಳ ವಸತಿಗೃಹಕ್ಕೆ ಬರುವವರಿಗೆಲ್ಲ ನಡೆಯುವ ದಾರಿ ಬರೆದುಕೊಡುವವನು ನಾನೇ. ‘ಸುಲಭ’ ಎಂಬ ಮಾತನ್ನು ಆ ಚೀಟಿಗಳ ಮೇಲೆ ಎಷ್ಟು ಉದಾರವಾಗಿ ಉದುರಿಸಿದ್ದೇನೆಂದರೆ, ಒಮ್ಮೆ ಒಬ್ಬ ಹೆಂಗಸು ತಿರುಗಿ ಬಂದು ಚೀಟಿಯನ್ನು ನನ್ನ ಸೂಪಿನ ಬಟ್ಟಲಿಗೇ ಹಾಕಿದ್ದಳು. ಈ ಸಲ ಮಾತ್ರ ಪ್ರತಿ ಹೆಜ್ಜೆಯನ್ನೂ ಕೋಲೂರಿ ನಡೆದು ಎಣಿಸಿದ್ದೇನೆ. ಮೊದಲ ದಿನ ಹೊಳೆಯಂಚಿನಲ್ಲಿ ತೂಗುಸೇತುವೆಯವರೆಗೆ: ಆರುನೂರ ನಲವತ್ತು ಹೆಜ್ಜೆ, ಸಮತಟ್ಟು, ಎರಡು ಬೆಂಚು. ಸೇತುವೆ ದಾಟುವುದು ಬೇಡ, ಈಚೆ ದಂಡೆಯಲ್ಲೇ ಕೂತು ಮೀನು ನೋಡೋಣ. ಎರಡನೆಯ ದಿನ ಏನೂ ಇಲ್ಲ. ಬೇಯಿಸಿದ ಆಲೂಗಡ್ಡೆ, ಗಟ್ಟಿ ಮೊಸರು, ನಿದ್ದೆ. ಮೂರನೆಯ ದಿನ ಇರ್ಮಾಳ ಕಾರಿನಲ್ಲಿ ಮೇಲಿನ ಹುಲ್ಲುಗಾವಲಿಗೆ ಹೋಗಿ, ಅಲ್ಲಿಂದ ಹುಲ್ಲಿನ ಕೊಟ್ಟಿಗೆಯವರೆಗೆ ಇಳಿಜಾರಿನಲ್ಲಿ ಮುನ್ನೂರು ಹೆಜ್ಜೆ. ನಾಲ್ಕನೆಯ ದಿನ ಮತ್ತೆ ವಿಶ್ರಾಂತಿ. ಐದನೆಯ ದಿನ ಜಲಪಾತ.

ಆ ಹೆಸರೆತ್ತಿದರೆ ನೀನು ಮಾತು ಬದಲಿಸುತ್ತೀಯ ಎಂದು ಇರ್ಮಾ ಬರೆದಿದ್ದಾಳೆ. ಬದಲಿಸದೆ ಇನ್ನೇನು ಮಾಡುತ್ತೀ? ಅಪ್ಪ ಚಾರಣ ಸಂಘಕ್ಕಾಗಿ ಬಂಡೆಗಳ ಮೇಲೆ ದಾರಿಗುರುತಾಗಿ ಬಿಳಿ ನಡುವಿನ ಕೆಂಪು ಬಳೆ ಬರೆಯುತ್ತಿದ್ದವರು; ದಾರಿಯ ಬಾಯಲ್ಲಿ ಕೆಂಪು ಹಲಗೆ ನೆಟ್ಟು, ತಲುಪಲು ಎಷ್ಟು ಹೊತ್ತು ಎಂದು ಬರೆಯುತ್ತಿದ್ದವರು. ಜಲಪಾತದ ಹಲಗೆಗೆ ಒಂದು ಗಂಟೆ ನಲವತ್ತು ನಿಮಿಷ ಎಂದು ಬರೆದರು. ಹೊರೆ ಹೊತ್ತ ಮೇಕೆಯೂ ಐವತ್ತು ನಿಮಿಷಕ್ಕೆ ತಲುಪುವ ದಾರಿ ಅದು, ಕಣಿವೆಯೆಲ್ಲ ನಕ್ಕಿತು. ನಾನಾಗ ಜರ್ಮನಿಯಲ್ಲಿ ಇಟ್ಟಿಗೆ ಕಟ್ಟುತ್ತಿದ್ದೆ. ಮರಳಿ ಬಂದು ವಸತಿಗೃಹ ತೆರೆದ ಮೇಲೆ, ನಿಮ್ಮೂರಿನ ಹಲಗೆ ಸುಳ್ಳು ಹೇಳುತ್ತದೆ ಎಂದು ಅತಿಥಿಗಳು ದಿನವೂ ಹಂಗಿಸತೊಡಗಿದರು. ಅಪ್ಪ ತೀರಿಕೊಂಡ ಮರುತಿಂಗಳೇ ಅವರ ಅಕ್ಷರ ಕೆರೆದು ಐವತ್ತು ನಿಮಿಷ ಎಂದು ಬರೆದೆ. ವರ್ಷದ ಪ್ರಾರ್ಥನೆಗೆ ಬಂದ ನೀನು ಅದರ ಮುಂದೆ ನಿಂತುಬಿಟ್ಟೆ. “ಅಣ್ಣಾ, ಅದು ನನ್ನ ಸಮಯ ಕಣೋ. ಅಪ್ಪ ನನ್ನ ಕೈ ಹಿಡ್ಕೊಂಡು ನಡೆದು ಅಳೆದಿದ್ದು” ಅಂದೆ. ಸುತ್ತ ನೆಂಟರಿದ್ದರು, ನನಗೋ ನಗಿಸುವ ಚಟ. “ಬೋರ್ಡು ಕುಂಟರಿಗೆ ಅಂತ ಬರೆಯೋದಲ್ಲ ಕಣೇ” ಅಂದೆ. ಎಲ್ಲರೂ ನಕ್ಕರು. ನೀನು ಊಟಕ್ಕೂ ನಿಲ್ಲಲಿಲ್ಲ.

ಏಪ್ರಿಲ್‌ನಲ್ಲಿ ಡಾಕ್ಟರು ನಡೆ ಎಂದರು, ಆ ದಾರಿಗೇ ಹೊರಟೆ. ಐವತ್ತು ನಿಮಿಷವಾದಾಗ ಇನ್ನೂ ನೀರಿನ ತೊಟ್ಟಿಯ ಹತ್ತಿರ ಏದುಸಿರು ಬಿಡುತ್ತಿದ್ದೆ. ಹಿಂದಿನಿಂದ ಬಂದ ಒಬ್ಬ ಹೆಂಗಸು, “ಯಜಮಾನ್ರೇ, ಬೋರ್ಡ್ ಪ್ರಕಾರ ನೀವು ಇಷ್ಟೊತ್ತಿಗೆ ತಲುಪಿರಬೇಕಿತ್ತಲ್ಲ” ಅಂದಳು. ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟೆ ಜಾಲ್ಕಾ, ನಾನು! ದಾರಿಯಲ್ಲಿ ನಾಲ್ಕು ಕಡೆ ಕೂತೆ. ನಾಲ್ಕೂ ಕಡೆ ಉಳಿಯಿಂದ ಚಪ್ಪಟೆ ಮಾಡಿದ ಕಲ್ಲುಗಳಿದ್ದವು. ಕೂತರೆ ಮೊಣಕಾಲು ಎದೆಗೆ ಬರುವಷ್ಟು ತಗ್ಗು. ಅಪ್ಪನ ಕೈ ಹಿಡಿದ ಒಂಬತ್ತು ವರ್ಷದ ಹುಡುಗಿಗೆ ಸರಿಯಾಗುವ ಎತ್ತರ. ಇಷ್ಟು ವರ್ಷ ಅವುಗಳ ಪಕ್ಕದಲ್ಲೇ ಓಡಾಡಿದವನು ನಾನು. ಕೊನೆಯ ಕಲ್ಲಿನಿಂದ ಏಳಲು ತುಂಬ ಹೊತ್ತು ಹಿಡಿಯಿತು. ಅದಕ್ಕೆ ಕಾರಣ ಸೊಂಟ ಎಂದು ದಾನಿತ್ಸಾಗೆ ಹೇಳಿದ್ದೇನೆ.

ಈಗ ನಿನಗೂ ಅವು ತಗ್ಗಾಗುತ್ತವೆ, ಅದಕ್ಕೆ ನಾಲ್ಕರ ಮೇಲೂ ದಪ್ಪ ಮರದ ಹಲಗೆ ಕೂರಿಸಿದ್ದೇನೆ. ಕೊನೆಯ ನಲವತ್ತೆರಡು ಮೆಟ್ಟಿಲು ತುಂತುರಿನಿಂದ ಒದ್ದೆಯಾಗಿರುತ್ತವೆ. ಹತ್ತು ಗಂಟೆಗೆ ಬಿಸಿಲು ಬಿದ್ದ ಮೇಲೆ ಹತ್ತೋಣ. ಹಿಡಿಯುವ ಹಗ್ಗ ಬಲಗಡೆಗಿದೆ, ನಿನ್ನ ಗಟ್ಟಿ ಕಾಲಿನ ಕಡೆಗೆ. ಜೂನ್ ಮುಗಿಯುವುದರೊಳಗೆ ಬಾ, ಹಿಮ ಕರಗುವಾಗ ನೀರು ತುಂಬಿರುತ್ತದೆ. ಇರ್ಮಾಳಿಗೆ ನಮ್ಮಿಬ್ಬರ ಆಶೀರ್ವಾದ. ದೇವರು ನಿನ್ನ ಕಾಲಿನಲ್ಲಿ ಇನ್ನೊಂದಿಷ್ಟು ದಿನ ಇರಲಿ.

ನಿನ್ನ ಅಣ್ಣ,
ಯೆರ್ನೆಯ್

ಮರೆತಿದ್ದೆ, ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಆವತ್ತು ಅಂದ ಮಾತಿಗೆ ಕ್ಷಮಿಸು ಎಂದು ಬರೆಯಲು ನಾಲ್ಕು ಹಾಳೆ ಹರಿದೆ. ಹಲಗೆಗೆ ಹೊಸದಾಗಿ ಕೆಂಪು ಬಳಿದಿದ್ದೇನೆ. ಜಲಪಾತ ಎಂದು ಬರೆದಾಗಿದೆ, ಸಮಯದ ಜಾಗ ಖಾಲಿ ಬಿಟ್ಟಿದ್ದೇನೆ. ಅಪ್ಪ ಅಳೆದಾಗ ನಿನಗೆ ಒಂಬತ್ತು ವರ್ಷ, ಈಗಿನ ಲೆಕ್ಕ ನನಗೆ ಗೊತ್ತಿಲ್ಲ. “ಯೆರ್ನೆಯ್ ಮಾಮಾ, ಸಮಯ ಇಲ್ಲದ ಬೋರ್ಡು ಹಾಕೋ ಹಾಗಿಲ್ಲ” ಎಂದು ಸಂಘದ ಟಿಲೆನ್ ಗೊಣಗುತ್ತಿದ್ದಾನೆ. “ಬರೀತೀನಿ ಕಣಯ್ಯಾ, ಅಳೆಯೋರು ತ್ರಿಯೆಸ್ತೆಯಿಂದ ಬರ್ಬೇಕು” ಅಂದಿದ್ದೇನೆ. ಮೂರು ಗಂಟೆ ಹಿಡಿದರೆ ಮೂರು ಗಂಟೆ ಎಂದೇ ಬರೆಯುತ್ತೇನೆ. ಅದಕ್ಕೆಂದು ಉಳಿಸಿದ ಬಿಳಿ ಬಣ್ಣದ ಡಬ್ಬಿ ಮುಚ್ಚಿಟ್ಟಿದ್ದೇನೆ.