ರೊಟ್ಟಿ ಹರಿಯಲಿಲ್ಲ ಅಕ್ಕ

ಬೈಯುವುದರಲ್ಲೇ ಪ್ರೀತಿ ತೋರಿಸುತ್ತಿದ್ದ ನನ್ನ ಅಕ್ಕನಿಗೆ,

ಚೆನ್ನಗಿರಿಯಿಂದ ನಿನ್ನ ತಂಗಿ ಮಂಗಳಾ ಬರೆಯುತ್ತಿದ್ದೇನೆ. ನೀನು ಹೋಗಿ ಎರಡು ವರ್ಷ ಆಗುತ್ತಾ ಬಂತು, ಈಗೇನು ಇವಳದ್ದು ಹೊಸ ರಗಳೆ ಎಂದು ಹುಬ್ಬು ಏರಿಸಬೇಡ. ನೀನಿದ್ದಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತಿದ್ದ ಸುದ್ದಿ ಇದು. ನಾನು ಅಳುತ್ತಿದ್ದೆ, ನೀನು ಬೈಯುತ್ತಿದ್ದೆ, ಇಬ್ಬರಿಗೂ ಸಮಾಧಾನ ಆಗುತ್ತಿತ್ತು. ಈಗ ಯಾರ ಹತ್ತಿರ ಹೇಳಿಕೊಳ್ಳಲಿ?

ಜಗಳೂರಿನ ನಿನ್ನ ಅಡಿಗೆಮನೆಯಲ್ಲಿ ಮೊದಲ ಸಲ ನಿನ್ನ ರೊಟ್ಟಿ ಹರಿದದ್ದು ನೆನಪಿದೆಯಾ? ನಾನು ಹಬ್ಬಕ್ಕೆ ಬಂದಿದ್ದೆ. ಮಣೆಯಿಂದ ಎತ್ತಿ ಹೆಂಚಿಗೆ ಹಾಕುವಷ್ಟರಲ್ಲಿ ನಡುವೆಯೇ ಹರಿದು ಒಲೆಯ ಮೇಲೆ ಬಿತ್ತು. "ಹಿಟ್ಟಿನಾಗೆ ಜಿಗಿನೇ ಇಲ್ಲ ಕಣೆ, ಗಿರಣಿ ಕಲ್ಲು ಸವೆದೈತೆ" ಎಂದು ಗಿರಣಿಯವನನ್ನು ಬೈದೆ. ನಾನೂ ಹೌದೌದು ಎಂದೆ. ಆಮೇಲೆ ನೀನು ಗಿರಣಿ ಬದಲಿಸಿದೆ, ಜೋಳ ಬದಲಿಸಿದೆ, ನಾನು ಇಲ್ಲಿಂದ ಬೀಸಿಸಿ ಹಿಟ್ಟು ಕಳಿಸಿದೆ. ರೊಟ್ಟಿ ಹರಿದರೆ ಹಿಟ್ಟನ್ನು ಬೈಯುವುದು ನಮ್ಮ ಕಡೆಯ ಹೆಂಗಸರಿಗೆ ರೂಢಿ. ಅಷ್ಟು ವರ್ಷ ಬಡಿದ ಕೈಯನ್ನು ಯಾರು ಅನುಮಾನಿಸುತ್ತಾರೆ ಹೇಳು? ನಿನಗೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಆಗದೇ ಹೋದ ದಿನವೇ ನಮಗೆ ಗೊತ್ತಾದದ್ದು, ಹಿಟ್ಟಿನಲ್ಲಿ ಏನೂ ಕೊರತೆ ಇರಲಿಲ್ಲ ಎಂದು.

ಆಮೇಲಿನದ್ದನ್ನು ನಿನಗೇ ಹೇಳುವುದು ಹೇಗೆ? ದಾವಣಗೆರೆಯ ಆಸ್ಪತ್ರೆಗಳಿಗೆ ನಿನ್ನ ಫೈಲು ಹಿಡಿದು ಓಡಾಡಿದವಳು ನಾನು. ನ್ಯಾಮತಿ ಕಡೆಯ ನಾಟಿ ವೈದ್ಯರು ಕೊಟ್ಟ ಎಣ್ಣೆಯ ವಾಸನೆ ನಿನ್ನ ಸೀರೆಗಳಿಂದ ಇನ್ನೂ ಹೋಗಿಲ್ಲ. ಕೈಕಾಲು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಎಂದರು. ಅದರ ಹೆಸರನ್ನು ನಾವು ಯಾರಿಗೂ ಹೇಳಲಿಲ್ಲ, "ನರದ ತೊಂದರೆ" ಎಂದು ಮುಚ್ಚಿಟ್ಟೆವು. ಕೊನೆಗೆ ನಿನ್ನ ಮಾತೂ ಹೋಯಿತು. ಮೂಲೆಯಲ್ಲಿ ನಿನಗೆ ಗಂಜಿ ಆರಿಸುತ್ತಾ ಕೂತಿದ್ದ ಚೈತ್ರಾಳನ್ನು ಕಣ್ಣಿನಲ್ಲೇ ತೋರಿಸಿ ನನ್ನ ಕಡೆ ನೋಡಿದೆ. ನಾನು ತಲೆಯಾಡಿಸಿದೆ. ಭಾವ ಲಾರಿ ಹತ್ತಿದರೆ ವಾರಗಟ್ಟಲೆ ಬರುವುದಿಲ್ಲ. ಹಾಗಾಗಿ ನಿನ್ನ ಮಗಳು ಅಂದಿನಿಂದ ನನ್ನ ಮನೆಯಲ್ಲೇ ಇದ್ದಾಳೆ, ಇಲ್ಲೇ ಡಿಗ್ರಿ ಓದುತ್ತಿದ್ದಾಳೆ.

ಕಳೆದ ದೀಪಾವಳಿಯಾದ ಮೇಲೆ ಒಂದು ಸಂಜೆ ಟಿವಿ ನೋಡುತ್ತಾ ಕೂತಿದ್ದೆ. ನನ್ನ ಕಾಲಿನ ಮೀನಖಂಡ ತಾನಾಗಿಯೇ ಪಟಪಟ ಅದುರಿತು. ನಿನ್ನ ತೋಳು ಅದುರುತ್ತಿದ್ದುದನ್ನು ನೋಡಿದವಳು ನಾನು, ಸುಮ್ಮನೆ ಕೂರುವುದುಂಟೆ? ನಮ್ಮ ಮನೆಯವರನ್ನು ಕರೆದುಕೊಂಡು ದಾವಣಗೆರೆಯ ನರದ ಡಾಕ್ಟರ ಹತ್ತಿರ ಹೋದೆ. ಅವರು ಪುಟ್ಟ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರೆ ನನ್ನ ಕಾಲು ಎಗರಿ ಅವರ ಕುರ್ಚಿಗೇ ಬಡಿಯಿತು. ಇವರು ಪಕ್ಕದಲ್ಲಿ ನಿಂತು ಕಿಸಕ್ಕನೆ ನಕ್ಕರು. ಡಾಕ್ಟರು ನಗಲಿಲ್ಲ. ಹೊರಗೆ ದೊಡ್ಡ ಸಾಲಿತ್ತು, ಏನೋ ಬರೆದರು, ಶಕ್ತಿಗೆ ಮಾತ್ರೆ ಕೊಟ್ಟು ಮೂರು ತಿಂಗಳು ಬಿಟ್ಟು ಬನ್ನಿ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಫೈಲು ಬಿಚ್ಚಿದೆ. ರಿಫ್ಲೆಕ್ಸಸ್ ಬ್ರಿಸ್ಕ್ ಎಂದಿತ್ತು, ತಟ್ಟಿದರೆ ಕಾಲು ಜೋರಾಗಿ ಎಗರುತ್ತದೆ ಎಂದು, ಮುಂದೆ ಮೂರು ಪ್ಲಸ್ ಗುರುತು. ನನಗೆ ಬರುವ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಈ ಎರಡು ಪದಗಳನ್ನು ನಿನ್ನ ಫೈಲಿನಲ್ಲಿ ಎಷ್ಟು ಸಲ ನೋಡಿದ್ದೆನೋ... ಸಂತೇಬೆನ್ನೂರಿನಲ್ಲಿ ಬಸ್ಸು ನಿಂತಾಗ ಇವರು ಇಳಿದು ಮಂಡಕ್ಕಿ ಕಟ್ಟಿಸಿಕೊಂಡು ಬಂದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಇಳಿಯಲಿಲ್ಲವಲ್ಲ ಎಂದು ಅದಕ್ಕೂ ಹೆದರಿದೆ, ನಿನಗೂ ನುಂಗಲು ಆಗುತ್ತಿರಲಿಲ್ಲವಲ್ಲ. ಸಾಯುವ ಭಯಕ್ಕಿಂತ ಬೇರೆ ಒಂದು ಭಯ ನನ್ನನ್ನು ತಿನ್ನುತ್ತಿತ್ತು ಅಕ್ಕ. ನಿನ್ನ ಮಗಳಿಗೆ ಮತ್ತೊಮ್ಮೆ ಗಂಜಿ ಆರಿಸುವ ಗತಿ ಬಂತಲ್ಲ ಎಂದು.

ಮಾರನೆಯ ಬೆಳಿಗ್ಗೆ ನಾನು ಮಾಡಿದ್ದು ಏನು ಗೊತ್ತಾ? ರೊಟ್ಟಿಗೆ ಹಿಟ್ಟು ನಾದಿದೆ. ನಮ್ಮ ಮನೆಯವರು ಮುದ್ದೆಯ ಮನುಷ್ಯ, ನಿನಗೆ ಗೊತ್ತೇ ಇದೆ. ತಿನ್ನುವುದಕ್ಕಲ್ಲ, ಕೈ ನೋಡಿಕೊಳ್ಳುವುದಕ್ಕೆ ಬಡಿದೆ. ಹರಿಯಲಿಲ್ಲ. ಆ ಒಂದು ದಿನಕ್ಕೆ ಜೀವ ಬಂತು, ನಾಳೆಯ ಗತಿ? ಮರುದಿನ ಮತ್ತೆ ಬಡಿದೆ, ಇನ್ನೂ ತೆಳ್ಳಗೆ, ಇನ್ನೂ ಅಗಲ. ಬುಟ್ಟಿ ತುಂಬಿತು, ಬೀದಿಯವರಿಗೆ ಹಂಚಿದೆ, ಉಳಿದದ್ದು ಒಣಗಿ ಖಡಕ್ ಆಯಿತು. "ಏನೇ, ಖಾನಾವಳಿ ಇಡಾಕೆ ಹೊಂಟಿದೀಯಾ?" ಎಂದರು ಇವರು. ನಾನು ನಗುವ ಹಾಗಿರಲಿಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಮಣಿಕಟ್ಟು ನೋಯತೊಡಗಿತು. ಒಂದು ದಿನ ಚಹದ ಲೋಟ ಹಿಡಿದರೆ ಬೆರಳು ಗಡಗಡ ನಡುಗಿತು. ಈ ಸಲ ನಾನು ಹಿಟ್ಟನ್ನು ಬೈಯಲಿಲ್ಲ ಅಕ್ಕ. ಬಂತು ಎಂದುಕೊಂಡು ಒಲೆ ಆರಿಸಿ ಕೂತುಬಿಟ್ಟೆ.

ಚೈತ್ರಾ ಕಾಲೇಜಿನಿಂದ ಬೇಗ ಬಂದ ಒಂದು ಮಧ್ಯಾಹ್ನ ಸಿಕ್ಕಿಬಿದ್ದೆ. ಸೀರೆ ಮಂಡಿಗೆ ಎತ್ತಿಕೊಂಡು ಲಟ್ಟಣಿಗೆಯಿಂದ ಮೊಣಕಾಲಿಗೆ ತಟ್ಟಿಕೊಳ್ಳುತ್ತಾ ಕೂತಿದ್ದೆ, ಹುಚ್ಚಿಯ ಹಾಗೆ. ಅವಳು ನಗಲಿಲ್ಲ, ಗಾಬರಿಯೂ ಆಗಲಿಲ್ಲ. ಪಕ್ಕದಲ್ಲಿ ಕೂತು ಲಟ್ಟಣಿಗೆ ಇಸಿದುಕೊಂಡಳು.

"ನಂಗೆ ಗೊತ್ತೈತೆ ಚಿಕ್ಕಮ್ಮ. ಫೈಲ್ ನಾನೂ ನೋಡಿದೀನಿ."

ನಾನು ಸೀರೆ ಕೆಳಗೆ ಎಳೆದುಕೊಂಡೆ. ಅವಳೇ ಮುಂದುವರಿಸಿದಳು. "ಹಂಗೇನಾದ್ರೂ ಆದ್ರೆ ನಾನಿದೀನಲ್ಲ. ಉಣ್ಸಾಕೆ ಬರ್ತೈತೆ, ಮಗ್ಗುಲು ಬದಲ್ಸಾಕೆ ಬರ್ತೈತೆ. ಅಮ್ಮಂಗೆ ಮಾಡುವಾಗ ಏನೇನು ತಪ್ಪು ಮಾಡಿದ್ನೋ, ಈ ಸಲ ಅವು ಯಾವೂ ಆಗಲ್ಲ."

ಆ ವಯಸ್ಸಿನ ಹುಡುಗಿ ಆಡುವ ಮಾತೇ ಇದು? ನಿನ್ನ ಸೇವೆಯಲ್ಲಿ ಒಂದು ಲೋಪವನ್ನೂ ಮಾಡದ ಮಗು ಅದು. ಅವಳ ಮನಸ್ಸಿನಲ್ಲಿ ಎಷ್ಟು ದಿನದಿಂದ ಈ ಲೆಕ್ಕ ನಡೆಯುತ್ತಿತ್ತೋ... ಅವಳೇ ಬೇರೆ ಡಾಕ್ಟರನ್ನು ವಿಚಾರಿಸಿದಳು, ಅವಳೇ ನನ್ನನ್ನು ಎಳೆದುಕೊಂಡು ಹೋದಳು.

ಹೋದ ವಾರ ಆ ಡಾಕ್ಟರಮ್ಮ ನನ್ನನ್ನು ಎಷ್ಟು ಹೊತ್ತು ನೋಡಿದರು ಅಂತೀಯಾ! ನಾಲಗೆ ಚಾಚಿಸಿದರು, ಹಿಮ್ಮಡಿಯ ಮೇಲೆ ನಡೆಸಿದರು, ಅವರ ಬೆರಳು ಹಿಡಿದು ಹಿಂಡು ಎಂದರು, ಸೂಜಿ ಚುಚ್ಚಿ ನರ ನೋಡುವ ಪರೀಕ್ಷೆಯನ್ನೂ ಮಾಡಿಸಿದರು. ಕೈ ನೋವು ಯಾವಾಗಿನಿಂದ ಎಂದಾಗ ಚೈತ್ರಾ ರೊಟ್ಟಿಯ ಪುರಾಣ ಬಿಚ್ಚಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ದಿನಾ ಬುಟ್ಟಿಗಟ್ಲೆ ರೊಟ್ಟಿ ಬಡಿದ್ರೆ ಯಾರ ಕೈ ನಡುಗಲ್ಲ ಹೇಳ್ರಿ? ಕಾಯಿಲೆ ಐತೋ ಇಲ್ವೋ ನೋಡಾಕೆ ಹೋಗಿ ನೀವೇ ನೋವು ತಂದ್ಕೊಂಡಿದೀರಿ."

"ಮತ್ತೆ ಬ್ರಿಸ್ಕ್ ಅಂತ ಬರೆದಾರಲ್ರೀ? ನಮ್ಮಕ್ಕನ ಫೈಲ್‌ನಾಗೂ ಅದೇ ಇತ್ತು."

"ನಿಮ್ಮದು ಎರಡೂ ಕಡೆ ಒಂದೇ ಸಮ ಐತೆ. ಬಲ ಕಮ್ಮಿ ಆಗಿಲ್ಲ, ಮಾಂಸ ಕರಗಿಲ್ಲ, ಸೂಜಿ ಪರೀಕ್ಷೆನೂ ಸರಿ ಐತೆ. ಕೆಲವ್ರ ನರ ಇರೋದೇ ಹಿಂಗೆ, ಹೆದರಿದ್ರೆ ಇನ್ನೂ ಎಗರ್ತಾವೆ. ಅದೊಂದೇ ಪದ ಹಿಡ್ಕೊಂಡು ಯಾರೂ ಕಾಯಿಲೆ ಹೇಳಲ್ಲಮ್ಮ. ನಿಮ್ಮಕ್ಕಂಗೆ ಇದ್ದ ಬೇರೆ ಗುರುತು ಒಂದೂ ನಿಮಗಿಲ್ಲ. ಆರು ತಿಂಗಳು ಬಿಟ್ಟು ಸುಮ್ಮನೆ ಒಂದ್ಸಲ ಬಂದು ಹೋಗ್ರಿ."

ಹೊರಗೆ ಬಂದೆವು. ನೀನು ತೀರಿಹೋದ ದಿನ ಚೈತ್ರಾ ಅಳಲಿಲ್ಲ ಅಕ್ಕ. ತಿಥಿಯ ದಿನವೂ ಅಳಲಿಲ್ಲ, ಬಂದವರೆಲ್ಲ ಕಲ್ಲು ಮನಸ್ಸಿನ ಹುಡುಗಿ ಎಂದು ಗುಸುಗುಸು ಮಾಡಿದರು. ಅಂಥವಳು ಈಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು. ನನಗೇನೂ ಇಲ್ಲ ಎಂಬ ಸಂತೋಷಕ್ಕೆ ಎಂದುಕೊಂಡು ನಾನು ಪೆದ್ದಿಯ ಹಾಗೆ ಬೆನ್ನು ಸವರುತ್ತಿದ್ದೆ. ಅವಳು ಬಿಕ್ಕುತ್ತಲೇ ಕೇಳಿದಳು.

"ಏನೂ ಇಲ್ಲ ಅನ್ನೋ ಈ ಮಾತು ಅಮ್ಮಂಗೆ ಯಾಕೆ ಹೇಳಲಿಲ್ಲ ಚಿಕ್ಕಮ್ಮ? ಅಷ್ಟು ಜನ ಡಾಕ್ಟ್ರಲ್ಲಿ ಒಬ್ರಾದ್ರೂ ಯಾಕೆ ಹೇಳಲಿಲ್ಲ?"

ನನಗೆ ಸಿಕ್ಕ ಬಿಡುಗಡೆಯ ಖುಷಿ ಅಲ್ಲೇ ಸತ್ತಿತು. ನೀನೂ ಇಂಥದ್ದೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ, ಇದೇ ಮಾತಿಗೆ ಕಾದಿದ್ದೆ. ಅದು ನನಗೆ ಬಂತು, ನಿನಗೆ ಬರಲಿಲ್ಲ. ಯಾಕೆ ಎಂದು ನಿನಗೇನಾದರೂ ಗೊತ್ತಿದ್ದರೆ ಕನಸಿನಲ್ಲಿ ಬಂದಾದರೂ ಅವಳಿಗೆ ಹೇಳು. ನನಗೆ ಗೊತ್ತಾಗಲಿಲ್ಲ. ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲೇ ಕೂತು, ಅವಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ನಮ್ಮ ಬಸ್ಸು ಹೋಯಿತು, ಅದರ ಹಿಂದಿನ ಬಸ್ಸೂ ಹೋಯಿತು. ನಾನು ಬಿಡಲಿಲ್ಲ. ನನ್ನ ಕೈ ಸೋಲಲಿಲ್ಲ ಅಕ್ಕ.

ನಿನ್ನ
ಮಂಗಳಾ