ಹಸು ಬೆನ್ನುಜ್ಜುವ ಕಲ್ಲು

ಪ್ರವಾಸಿ ಕೈಪಿಡಿ ಬರೆದ ಶ್ರೀ ಟಿಮ್ಮಿಸ್ ಅವರಿಗೆ ವಂದನೆಗಳು.

ನಮ್ಮ ಹುಲ್ಲುಗಾವಲಿನ ಕಲ್ಲು ಯಾವುದೋ ಹಳೇ ರಾಜನ ಸಮಾಧಿ ಎಂಬ ಕಥೆಯನ್ನು ಮೊದಲು ಹೇಳಿದವರು ನಮ್ಮ ಮಾವ ಎನಾಕ್. ಅದೂ ಹೋದ ಸುಗ್ಗಿಯಲ್ಲಿ, ಪಬ್ಬಿನಲ್ಲಿ, ನೀವು ಕೊಡಿಸಿದ ಸೇಬಿನ ಮದ್ಯ ಸೈಡರ್ ಕುಡಿಯುತ್ತಾ. ನೀವು ಅದನ್ನು ನಂಬಿ ಅಚ್ಚು ಹಾಕಿಸಿಬಿಟ್ಟಿರಿ. ಸ್ವಾಮಿ, ಅದು ಹಸುಗಳು ಬೆನ್ನು ತುರಿಸಿಕೊಳ್ಳಲೆಂದು ಮಾವನೇ ನೆಟ್ಟ ಕಲ್ಲು!

ಈಗ ಹಿಯರ್‌ಫರ್ಡ್‌ಶೈರ್ ಸೀಮೆಗೆ ಬಂದವರೆಲ್ಲ ಆ ಕಲ್ಲು ನೋಡಲು ನಮ್ಮ ಗೇಟು ತೆರೆದು ಹಾಗೇ ಬಿಟ್ಟು ಹೋಗುತ್ತಾರೆ. ಗಬ್ಬದ ಕುರಿಗಳು ರಸ್ತೆಗೆ ಇಳಿಯುತ್ತವೆ. ಮೊನ್ನೆ ಒಂದು ಕುರಿ ಲಾರಿಗೆ ಸಿಕ್ಕಿ ಸತ್ತಿತು. ಮಾವನನ್ನು ಬೈದರೆ, "ಬಿಡಮ್ಮಾ, ಹಸುಗಳು ಬರೀ ಬೆನ್ನು ಉಜ್ಜಿದ್ವು, ಇವ್ರು ಟೋಪಿ ತೆಗೆದು ನಿಲ್ತಾರೆ!" ಎಂದು ನಗುತ್ತಾರೆ.

ನಿನ್ನೆ ಸಂಜೆ ಅವರನ್ನು ಪಬ್ಬಿಗೆ ಎಳೆದುಕೊಂಡು ಹೋಗಿ, ಪ್ರವಾಸಿಗಳ ಎದುರಿಗೇ ನಿಜ ಹೇಳಿಸಿದೆ. ಹೇಳಿದರು. ಆಮೇಲೆ ಸುಮ್ಮನಿರಬೇಕೋ ಬೇಡವೋ? "ಆದ್ರೆ ಒಂದ್ ಮಾತು ಕಣ್ರಪ್ಪಾ, ಆ ಕಲ್ಲಿಗೆ ಉಜ್ಜಿದ ಒಂದು ಹಸೂಗೂ ಇವತ್ತಿನವರೆಗೆ ಸೊಂಟ ನೋವು ಬಂದಿಲ್ಲ" ಎಂದು ಬಾಲಂಗೋಚಿ ಸೇರಿಸಿದರು.

ಕುರಿಗಳು ಮರಿ ಹಾಕುವ ಕಾಲ ಹತ್ತಿರ ಬಂತು. ದಯವಿಟ್ಟು ಮುಂದಿನ ಮುದ್ರಣದಲ್ಲಿ ಆ ಕಲ್ಲನ್ನು ಕೈಬಿಡಿ. ಸೊಂಟದ ಮಾತನ್ನಂತೂ ಯಾರ ಕಿವಿಗೂ ಹಾಕಬೇಡಿ. ಇವತ್ತು ಬೆಳಿಗ್ಗೆ ಆ ಪ್ರವಾಸಿಗಳೆಲ್ಲ ಸಾಲಾಗಿ ನಿಂತು, ಕೋಟು ಬಿಚ್ಚಿ, ಸರದಿಯಂತೆ ಕಲ್ಲಿಗೆ ಬೆನ್ನು ಉಜ್ಜುತ್ತಿದ್ದರು. ಗೇಟು ತೆರೆದೇ ಇತ್ತು.

ಇಂತಿ,
ಹಿಲ್ಡಾ ಪ್ರೋಬರ್ಟ್