ವೀಸಾ ಸಿಗುವ ಪುಸ್ತಕ

ಜನವರಿ 11, 2016, ಪ್ರಿಶ್ತಿನಾ, ಕೊಸೊವೊ
ಮತ್ತೆ ಕಪಾಟು ಜೋಡಿಸಿದೆ. ಪ್ರವಾಸ ಕೈಪಿಡಿಗಳು ಅಕ್ಷರದ ಕ್ರಮದಲ್ಲಿರಬೇಕೆಂಬುದು ಅಂಗಡಿಯ ಯಜಮಾನ ಜೆವಾತರ ಕಟ್ಟಪ್ಪಣೆ. ನಾನಿಟ್ಟದ್ದು ಪ್ರಾಪ್ತಿಯ ಕ್ರಮದಲ್ಲಿ. ಕೆಳಗಿನ ಹಲಗೆ — ಟರ್ಕಿ, ಅಲ್ಬೇನಿಯಾ: ಕೊಸೊವೊ ಪಾಸ್‌ಪೋರ್ಟ್ ತೋರಿಸಿ ನಡೆದುಬಿಡಬಹುದು. ನಡುವೆ — ಉಳಿದ ಯುರೋಪು: ವೀಸಾ, ಸಂದರ್ಶನ, ದೈವಕೃಪೆ. ಮೇಲೆ — ಜಪಾನ್, ಪೆರು: ಸತ್ತ ಮೇಲೆ, ಆತ್ಮಕ್ಕೆ ಮಾತ್ರ.
"ಇದೇನೋ ಫಾತ್ಲುಮ್, ಜಪಾನ್ ಸೂರಿಗೆ ಹತ್ತಿದೆ?"
"ಅದು ಇರೋದೇ ಅಷ್ಟು ದೂರ ಸಾರ್."
"ನಿನ್ನ ತಲೆ. ಹೋಗಿ ಕಾಫಿ ತಗೊಂಬಾ."
ಕೊಳ್ಳುವವರು ಅಪರೂಪ. ವೀಸಾ ಕೇಳುವವರು ಯಾವ ದಿನ ಏನು ನೋಡುತ್ತೇವೆಂದು ಬರೆದುಕೊಡಬೇಕಲ್ಲ — ಬಂದು ಪುಟಗಳ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಲೋಕಹಿತಾರ್ಥವಾಗಿ ಆಲ್ಪ್ಸ್ ಕೈಪಿಡಿಗೆ ಚೀಟಿ ಅಂಟಿಸಿದೆ: "ವೀಸಾ ಅಧಿಕಾರಿಗಳು ಮೆಚ್ಚಿದ ಪುಸ್ತಕ." ಸುಳ್ಳಿಗೂ ಒಂದು ಘನತೆ ಬೇಕು. ಕೆಳಗೆ ಅಂಗಡಿಯ ಸ್ಟಾಂಪ್ ಒತ್ತಿದೆ.

ಜನವರಿ 15
ಆಲ್ಪ್ಸ್ ಮುಂದೆ ಸಾಲು! "ಐದು ದಿನದ ವಿಹಾರ" ಅಧ್ಯಾಯ ಆಗಲೇ ಮಾಸಿದೆ. ನನಗೊಂದು ಪ್ರತಿಮೆ ನಿಲ್ಲಿಸಬೇಕು.

ಜನವರಿ 19
ಹೈರಿಯೆ ಅತ್ತೆ ಬಂದಳು. ಅಪ್ಪನ ಅಕ್ಕ. ಮಗಳು ದಫೀನಾ ಆಲ್ಪ್ಸ್ ಕಡೆಯ ಊರೊಂದರಲ್ಲಿ ಹೋಟೆಲ್ ಕೋಣೆ ಒರೆಸುತ್ತಾಳೆ. ಮಾರ್ಚ್‌ನಲ್ಲಿ ಚೊಚ್ಚಲ ಹೆರಿಗೆ. ಗಂಡ ಬಿಟ್ಟುಹೋಗಿದ್ದಾನೆ. ಮಗಳ ಬಾಣಂತನ ಎಂದು ನಿಜ ಹೇಳಿದ ಪಕ್ಕದ ಮನೆಯವಳಿಗೆ ವೀಸಾ ಕೊಡಲಿಲ್ಲ — ಅಲ್ಲೇ ಉಳಿದುಬಿಡುತ್ತೀರಿ ಎಂದರಂತೆ. ಅದಕ್ಕೇ ಅತ್ತೆ ಪ್ರವಾಸಿಯಾಗಿದ್ದಾಳೆ.
ಪುಸ್ತಕ ಆರಿಸಲು ಕೂತೆವು. ಬೆನ್ನಚೀಲದ ಹುಡುಗರದು: ಅತ್ತೆ ಮೊಣಕಾಲು ತೋರಿಸಿದಳು. ಶ್ರೀಮಂತರದು: ದಿನಾ ರಾತ್ರಿ ಒಪೇರಾ. ಕಲೆಯದು: ಬರೀ ಚರ್ಚು.
"ಇಷ್ಟೊಂದು ಚರ್ಚು ನೋಡಿದ್ರೆ ಇಮಾಮರು ಏನಂತಾರೋ?"
"ವೀಸಾ ಸಿಗೋ ಹಾಗಿದ್ರೆ ಅವರೂ ಬರ್ತಾರೆ ಅತ್ತೆ."
"ಬಾಯಿಗೆ ಬೀಗ ಹಾಕು. ಇದೇನು, ಚೀಟಿ? ಸ್ಟಾಂಪ್ ಬೇರೆ ಇದೆ. ಇದೇ ಕೊಡು."
ಅಂಟಿಸಿದ್ದು ನಾನೇ ಎನ್ನಲು ಬಾಯಿ ತೆರೆದೆ. ಅವಳ ಮುಖ ಅಷ್ಟು ಹಗುರಾಗಿತ್ತು… ಮುಚ್ಚಿದೆ. ಯಾವ ಪುಸ್ತಕವಾದರೇನು?

ಫೆಬ್ರವರಿ 2
ಅತ್ತೆಯ ಅಡುಗೆಮನೆಯಲ್ಲಿ ತಾಲೀಮು. ನಾನು ಅಧಿಕಾರಿ. ಅಪ್ಪನ ಟೈ, ಗಂಟುಮೋರೆ.
"ಶ್ರೀಮತಿಯವರೇ, ಮೂರನೇ ದಿನ?"
"ಸರೋವರದಲ್ಲಿ ಹಡಗು. ಆಮೇಲೆ ಚಾಕೊಲೇಟ್ ಕಾರ್ಖಾನೆ."
"ಅಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ?"
ಮಗುವಿಗೆಂದು ಹೆಣೆಯುತ್ತಿದ್ದ ಕಾಲುಚೀಲ ಕೈಯಲ್ಲೇ ಇತ್ತು. ಎದ್ದುಹೋಗಿ ಬ್ರೆಡ್ ಡಬ್ಬಿಯಲ್ಲಿ ಬಚ್ಚಿಟ್ಟು ಬಂದು ಕೂತಳು.
"ಯಾರೂ ಇಲ್ಲ."

ಫೆಬ್ರವರಿ 25, ಮಧ್ಯಾಹ್ನ
ಸಂದರ್ಶನ ಮುಗಿಸಿ ಅತ್ತೆ ನೇರ ಅಂಗಡಿಗೆ. ಕೈಯಲ್ಲಿ ಮಾಂಸ ತುಂಬಿ ಸುಟ್ಟ ಬಿಸಿ ಬುರೆಕ್, ಜೆವಾತರಿಗೂ ಒಂದು.
"ಎಂಥಾ ಒಳ್ಳೆ ಹುಡುಗ ಗೊತ್ತೇನೋ! ನಾನು ಹಡಗು ಅಂದೆ. 'ಆಮೇಲೆ ಚಾಕೊಲೇಟ್ ಕಾರ್ಖಾನೆ, ಅಲ್ವಾ ಅಮ್ಮ?' ಅಂತ ಅವನೇ ಅಂದ. ನಾಲ್ಕನೇ ದಿನದ್ದೂ ಅವನೇ ಹೇಳ್ದ!"
"ನಕ್ಕನಾ?"
"ನಕ್ಕ. ಪಕ್ಕದ ಕುರ್ಚಿಯವಳಿಗೂ ಏನೋ ಹೇಳ್ದ, ಅವಳೂ ನಕ್ಕಳು."
ಬುರೆಕ್ ಕೆಳಗಿಟ್ಟೆ. ಅದೇ ಹಡಗು, ಅದೇ ಕಾರ್ಖಾನೆ — ಚೀಟಿ ನಂಬಿದವರೆಲ್ಲ ಆ ಹುಡುಗನೆದುರು ಅದನ್ನೇ ಒಪ್ಪಿಸಿದ್ದಾರೆ. ಅವನಿಗೆ ಬಾಯಿಪಾಠವಾಗದೆ ಇನ್ನೇನು.
ಅವಳು ಹೋದ ಮೇಲೆ ಚೀಟಿ ಕಿತ್ತೆ. ಪೂರ್ತಿ ಬರಲಿಲ್ಲ.

ಮಾರ್ಚ್ 10
ತಿರಸ್ಕೃತ. "ಪ್ರವಾಸದ ಉದ್ದೇಶ ನಂಬುವಂತಿಲ್ಲ." ತಪ್ಪು ತನ್ನದೇ ಎಂದುಕೊಂಡಿದ್ದಾಳೆ.
"ಕೇಬಲ್ ಕಾರ್ ಅನ್ನೋವಾಗ ತಡವರಿಸಿಬಿಟ್ಟೆ ಕಣೋ."
ಇಲ್ಲ ಅತ್ತೆ, ಎಂದೆ. ಮುಂದಕ್ಕೆ ಹೇಳಲಿಲ್ಲ. ನಾಳೆ.

ಮಾರ್ಚ್ 28
ದಫೀನಾಗೆ ಹೆಣ್ಣುಮಗು. ನೋವು ಬಂದಾಗ ಒಬ್ಬಳೇ ಟ್ಯಾಕ್ಸಿ ಹಿಡಿದು ಹೋದಳಂತೆ. ಫೋನಿನಲ್ಲಿ ಮಗುವಿನ ಮುಖ ಅರ್ಧಕ್ಕೇ ಅಲುಗದೆ ನಿಂತುಬಿಟ್ಟಿತು. ಅತ್ತೆ ಅದನ್ನೇ ಮುದ್ದು ಮಾಡಿದಳು.
ಹೇಳಲಿಲ್ಲ.

ಏಪ್ರಿಲ್ 16, ಶನಿವಾರ
ಅತ್ತೆ ಮತ್ತೆ ಅಂಗಡಿಗೆ.
"ಇನ್ನೊಂದು ದೇಶದ್ದು ತೆಗಿ. ಯುರೋಪಲ್ಲಿ ಯಾವ ದೇಶ ವೀಸಾ ಕೊಟ್ರೂ ಒಂದೇ ಅಂತೆ, ಒಳಗೆ ಹೊಕ್ಕಮೇಲೆ ಮಗಳ ಹತ್ರ ಹೋಗ್ಬಹುದು. ಯಾರೂ ಕೈ ಹಾಕದೇ ಇರೋದು ಕೊಡು."
ಉತ್ತರದ ದ್ವೀಪಗಳದ್ದು ತೆಗೆದೆ. ಪ್ಲಾಸ್ಟಿಕ್ ಹೊದಿಕೆಯನ್ನೂ ಯಾರೂ ಹರಿದಿಲ್ಲ.
"ಏನಿದೆಯೋ ಅಲ್ಲಿ?"
"ಕಲ್ಲು. ಗಾಳಿ. ಹಕ್ಕಿ."
"ಹಕ್ಕಿ ಅಂದ್ರೆ ನಂಗೆ ಪ್ರಾಣ ಅಂತ ಬರಿ."
"ಕೋಳಿ ಕಂಡ್ರೇ ಬೈತೀಯಲ್ಲ ಅತ್ತೆ."
"ಬರಿ ಅಂದೆ."
ಬರೆದೆ. ಈಗ ಕಪಾಟಿಗೆ ಒರಗಿ, ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದಾಳೆ. ಎಲ್ಲ ಹೇಳಿಬಿಡೋಣವೆಂದು ಹತ್ತಿರ ಹೋದೆ. ಬಾಯಿಗೆ ಬಂದದ್ದು ಬೇರೆ — ಮಗುವಿಗೆ ಏನು ಹೆಸರಿಟ್ಟರು?
"ಮಧ್ಯೆ ಮಾತಾಡಿಸ್ಬೇಡ್ವೋ, ಮರ್ತೋಗತ್ತೆ."
ಮೂರನೇ ದಿನ, ದೀಪಸ್ತಂಭ. ನಾಲ್ಕನೇ ದಿನ, ಬಿಳಿ ಎದೆಯ ಕಡಲಹಕ್ಕಿ. ಐದನೇ ದಿನ —